ತಡೆಯಿಲ್ಲದ ಕೊಳವೆಯ ಕೀರ್ತಿ

ಕಾಲು ಮೈಲಿಯ ಓಟಕ್ಕೆ ಕಾರು ಕಟ್ಟುವ ಅಮೆರಿಕನ್ನರ ನಡುವೆ ‘ಹಾಲಿ ಬ್ಲೂ’ ಇಂಧನ ಪಂಪಿಗೆ ದಶಕಗಳ ಹೆಸರಿದೆ. ಗಂಟೆಗೆ 110 ಗ್ಯಾಲನ್ ಹರಿವು, ಗರಿಷ್ಠ 14 ಪಿಎಸ್‌ಐ ಒತ್ತಡ, ಜೊತೆಗೆ ಒತ್ತಡವನ್ನು ಹಿಡಿತದಲ್ಲಿಡುವ ಒಂದು ರೆಗ್ಯುಲೇಟರ್. ಕಾರ್ಬ್ಯುರೇಟರ್ ಇರುವ ಡ್ರ್ಯಾಗ್ ಕಾರಿಗೆ ಇದಕ್ಕಿಂತ ಹೆಚ್ಚೇನು ಬೇಕು ಎಂದು ಅದರ ಅಭಿಮಾನಿಗಳು ಕೇಳುತ್ತಾರೆ. ಪಂಪಿನ ತಯಾರಿಕೆಯಲ್ಲಿ ನಾನು ಹುಳುಕು ಹುಡುಕುತ್ತಿಲ್ಲ. 110 ಎಂಬ ಅಂಕಿ ಸಂಪಾದಿಸಿಕೊಂಡಿರುವ ಅಧಿಕಾರವನ್ನು ಪ್ರಶ್ನಿಸುತ್ತಿದ್ದೇನೆ. ಅದು ಮುಂದೆ ಯಾವ ತಡೆಯೂ ಇಲ್ಲದಾಗ ಅಳೆದ ಹರಿವು. ಓಡುವ ಡ್ರ್ಯಾಗ್ ಕಾರಿನಲ್ಲಿ ಅಂಥ ಸ್ಥಿತಿ ಒಂದು ಕ್ಷಣವೂ ಒದಗುವುದಿಲ್ಲ. ಪಂಪನ್ನು ಈ ಅಂಕಿ ನೋಡಿ ಆರಿಸಿ, ರೆಗ್ಯುಲೇಟರನ್ನು ಅದರೊಂದಿಗೆ ಬಂದ ಬಿಡಿಭಾಗವೆಂದು ಸುಮ್ಮನೆ ಒಪ್ಪಿಕೊಳ್ಳುವ ರೂಢಿ ಬುಡದಲ್ಲೇ ತಪ್ಪಿದೆ.

ಲೆಕ್ಕ ಶುರುವಾಗುವುದೇನೋ ಸರಿಯಾಗಿಯೇ. ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಪೆಟ್ರೋಲ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಪೌಂಡ್ ಇಂಧನ ಸುಡುತ್ತದೆ. 600 ಅಶ್ವಶಕ್ತಿಗೆ 300 ಪೌಂಡ್. ಗ್ಯಾಲನ್ನಿಗೆ ಆರು ಪೌಂಡ್ ಹಿಡಿದರೆ 50 ಗ್ಯಾಲನ್. ಬೇಕಾದ್ದಕ್ಕಿಂತ ಎರಡು ಪಟ್ಟು ಸಿಕ್ಕಿತೆಂದು ಕೊಳ್ಳುವವರು ಇಲ್ಲಿಗೇ ನಿಲ್ಲುತ್ತಾರೆ. ನಿಲ್ಲಬಾರದು; ಕಾರು ಹಸಿರು ದೀಪಕ್ಕೆ ಚಿಮ್ಮುವ ಗಳಿಗೆಯನ್ನು ನೋಡಬೇಕು. ಟ್ಯಾಂಕ್, ಪಂಪ್ ಎರಡೂ ಹಿಂದೆ, ಕಾರ್ಬ್ಯುರೇಟರ್ ಮುಂದೆ, ನಡುವೆ ಸುಮಾರು ಮೂರು ಮೀಟರ್ ಕೊಳವೆಯ ತುಂಬ ಪೆಟ್ರೋಲ್. ಕಾರು ಮುನ್ನುಗ್ಗಿದಾಗ ಆ ಪೆಟ್ರೋಲ್ ಅಷ್ಟೂ ಪಂಪಿನ ಕಡೆಗೆ ಒತ್ತುತ್ತದೆ. ವೇಗೋತ್ಕರ್ಷ 1 ಜಿ ಆದರೆ ಮಲಗಿರುವ ಆ ಕೊಳವೆ ಪಂಪಿನ ಪಾಲಿಗೆ ಮೂರು ಮೀಟರ್ ಎತ್ತರ ನೆಟ್ಟಗೆ ನಿಂತ ಕೊಳವೆಗೆ ಸಮ. ಪೆಟ್ರೋಲಿನ ಸಾಂದ್ರತೆಗೆ ಇದು 3 ಪಿಎಸ್‌ಐಗಿಂತ ತುಸು ಹೆಚ್ಚು. ಒಳ್ಳೆಯ ಸ್ಲಿಕ್ ಟೈರಿನ ಕಾರು ಒಂದೂವರೆ ಜಿಯಲ್ಲಿ ಹೊರಟರೆ ಸುಮಾರು 4.7. ಕಾರ್ಬ್ಯುರೇಟರಿಗೆ 7 ಮುಟ್ಟಬೇಕು. ಎರಡೂ ಕೂಡಿ 11.7, ಫಿಲ್ಟರು, ಬಾಗು, ಕೊಳವೆಯ ಘರ್ಷಣೆ ಸೇರಿದರೆ 12 ದಾಟುತ್ತದೆ. 14ಕ್ಕೆ ಮುಟ್ಟಿದರೆ ಪಂಪಿನೊಳಗಿನ ರಿಲೀಫ್ ವಾಲ್ವ್ ಇಂಧನವನ್ನು ಒಳಗೇ ಸುತ್ತಿಸುತ್ತದೆ, ಹೊರಹರಿವು ನಿಲ್ಲುತ್ತದೆ. ಆ ಅಂಚಿಗೆ ಇಷ್ಟು ಹತ್ತಿರ ನಿಂತ ಪಂಪಿನಿಂದ 110 ಗ್ಯಾಲನ್ ನಿರೀಕ್ಷಿಸುವುದಕ್ಕೆ ಯಾವ ಆಧಾರವೂ ಇಲ್ಲ. ಆಲ್ಟರ್ನೇಟರ್ ಬಿಚ್ಚಿಟ್ಟು ಬ್ಯಾಟರಿಯ ಮೇಲಷ್ಟೇ ಓಡುವ ಕಾರಿನಲ್ಲಿ ವೋಲ್ಟೇಜ್ ಇಳಿದಂತೆ ಹರಿವು ಮತ್ತಷ್ಟು ಕುಸಿಯುತ್ತದೆ.

ಕಾರು ಹೊರಡುವಾಗ ಕಾರ್ಬ್ಯುರೇಟರಿನ ಫ್ಲೋಟ್ ಬೌಲ್‌ಗಳು ತುಂಬಿರುತ್ತವೆ, ಆ ಕೊರತೆಯನ್ನು ಅವೇ ನೀಗಿಸುತ್ತವೆ ಎಂಬ ಆಕ್ಷೇಪವಿದೆ. ನೀಗಿಸುವುದು ನಿಜ, ಆದರೆ ಕೆಲವೇ ಸೆಕೆಂಡು. ಗಂಟೆಗೆ 50 ಗ್ಯಾಲನ್ ಎಂದರೆ ಸೆಕೆಂಡಿಗೆ ಸುಮಾರು 53 ಮಿಲಿಲೀಟರ್. ಹತ್ತು ಸೆಕೆಂಡಿನ ಓಟಕ್ಕೆ ಅರ್ಧ ಲೀಟರಿಗೂ ಹೆಚ್ಚು. ಹೊರಡುವಾಗ ಮಾಡಿದ ಸಾಲವನ್ನು ಟ್ರ್ಯಾಕಿನ ಉತ್ತರಾರ್ಧದಲ್ಲಿ, ಎಂಜಿನ್ನಿನ ಪೂರ್ತಿ ಬೇಡಿಕೆಯನ್ನು ಪೂರೈಸುತ್ತಲೇ, ಪಂಪ್ ತೀರಿಸಬೇಕು. ತೀರಿಸಲಾಗದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಟಾಪ್ ಗೇರಿನಲ್ಲಿ ಎಂಜಿನ್ ಬಳಲುತ್ತದೆ, ಪಿಸ್ಟನ್ನೇ ಕರಗಬಹುದು. ದೋಷ ಹುಟ್ಟಿದ್ದು ಆರಂಭದ ಗೆರೆಯಲ್ಲಿ, ಕಾಣಿಸಿದ್ದು ಕೊನೆಯಲ್ಲಿ. ಹಾಗಾಗಿಯೇ ಅಪವಾದ ಜೆಟ್ಟಿಗೋ ಇಗ್ನಿಷನ್ನಿಗೋ ಸುತ್ತಿಕೊಳ್ಳುತ್ತದೆ, ಪಂಪಿನ ಕೀರ್ತಿಗೆ ಮುಕ್ಕಾಗುವುದಿಲ್ಲ. ಪಿಟ್‌ನಲ್ಲಿ ಎಂಜಿನ್ ಐಡಲ್ ಇಟ್ಟು ಗೇಜಿನಲ್ಲಿ 7 ಕಂಡ ಕೂಡಲೇ ತೃಪ್ತರಾಗುವವರು ಈ ತಪ್ಪುಗ್ರಹಿಕೆಯನ್ನು ಬೆಳೆಸುತ್ತಾರೆ. ಇಡೀ ಓಟದ ಒತ್ತಡವನ್ನು ಡೇಟಾ ಲಾಗರ್‌ನಲ್ಲಿ ದಾಖಲಿಸದ ಹೊರತು ಆ 7ಕ್ಕೆ ಸಾಕ್ಷಿಯ ಬೆಲೆಯಿಲ್ಲ.

ಬಿಡಿಭಾಗಗಳನ್ನು ತೂಗಿನೋಡುವ ಬರಹಗಾರರೊಂದಿಗೂ ನನಗೆ ಜಗಳವಿದೆ. ಅವರಲ್ಲಿ ಹಲವರು ಗ್ಯಾಲನ್ನನ್ನು ಬೆಲೆಯಿಂದ ಭಾಗಿಸಿ ತೀರ್ಪು ಕೊಡುತ್ತಾರೆ. ಇನ್ನು ಕೆಲವರು 7 ಪಿಎಸ್‌ಐ ತಡೆಯೆದುರು ಅಳೆಯುವಷ್ಟು ಪ್ರಾಮಾಣಿಕರು. ಆದರೆ ಅವರ ಪರೀಕ್ಷೆಯ ಮೇಜು ನಿಂತಲ್ಲೇ ನಿಂತಿರುತ್ತದೆ, ಕಾರು ನಿಂತಿರುವುದಿಲ್ಲ. ಮೂರನೆಯ ಗುಂಪು ಡೆಡ್‌ಹೆಡ್ ರೆಗ್ಯುಲೇಟರಿನ ಪರ ನಿಲ್ಲುತ್ತದೆ. ಇದು ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ಕೂತು, ಒತ್ತಡ ಸಾಕಾದಾಗ ದಾರಿ ಮುಚ್ಚುತ್ತದೆ. ಬೌಲ್‌ಗೊಂದರಂತೆ ಎರಡು ಹಾಕಿದರೆ ಸಮಸ್ಯೆ ತೀರಿತು ಎಂಬುದು ಅವರ ಪರಿಹಾರ. ಪ್ರತಿ ವಾಲ್ವಿನ ಮೂಲಕ ಅರ್ಧವಷ್ಟೇ ಹರಿಯುವುದರಿಂದ ಒತ್ತಡದ ಕುಸಿತ ತಗ್ಗುತ್ತದೆ, ಅಷ್ಟರ ಮಟ್ಟಿಗೆ ಅವರ ಮಾತು ನಿಜ. ಆದರೆ ಹಿಂದಿನ ಕೊಳವೆಯಲ್ಲಿ ಇಂಧನ ಪದೇ ಪದೇ ನಿಂತು ಹೊರಡುವುದು ತಪ್ಪಲಿಲ್ಲ; ಮುಚ್ಚಿದ ಬಾಗಿಲೆದುರು ಪಂಪ್ 14ರಲ್ಲಿ ತನ್ನೊಳಗೇ ಇಂಧನ ಸುತ್ತಿಸಿ ಬಿಸಿ ಮಾಡುವುದೂ ತಪ್ಪಲಿಲ್ಲ. ಬೈಪಾಸ್ ರೆಗ್ಯುಲೇಟರ್ ಕಾರ್ಬ್ಯುರೇಟರಿನ ಆಚೆ ಕೂತು ಹೆಚ್ಚಾದದ್ದನ್ನು ಟ್ಯಾಂಕಿಗೆ ಮರಳಿಸುತ್ತದೆ. ಇಂಧನ ಸದಾ ಚಲನೆಯಲ್ಲಿರುತ್ತದೆ, ಆವಿ ಕೊಚ್ಚಿಹೋಗುತ್ತದೆ. ರಿಟರ್ನ್ ಲೈನಿನಿಂದ ತೂಕ ಹೆಚ್ಚುತ್ತದೆ ಎಂಬ ಆಕ್ಷೇಪ ಕೆಲವೇ ಪೌಂಡುಗಳ ಮಾತು. ಆ ಲೈನ್ ಕಿರಿದಾದರೆ ಒತ್ತಡ ಇಳಿಯುವುದೇ ಇಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಅದಕ್ಕೆ ಅಗಲದ ಕೊಳವೆಯೇ ಉತ್ತರ. ದುರ್ಬಲ ಪಂಪನ್ನಂತೂ ಬೈಪಾಸ್ ಉದ್ಧರಿಸಲಾರದು. ಪಂಪ್, ರೆಗ್ಯುಲೇಟರ್ ಎರಡನ್ನೂ ಒಂದೇ ಲೆಕ್ಕದಲ್ಲಿ ಆರಿಸಬೇಕೆಂದು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಮೆಲ್ಲಗೆ ಹೊರಡುವ 300 ಅಶ್ವಶಕ್ತಿಯ ಕಾರಿಗೆ 25 ಗ್ಯಾಲನ್ ಸಾಕು. ಅಲ್ಲಿ ಹಾಲಿ ಬ್ಲೂ ಮತ್ತು ಅದರೊಂದಿಗೆ ಬಂದ ರೆಗ್ಯುಲೇಟರಿನ ಹಳೆಯ ಜೋಡಿ ಯೋಗ್ಯವೇ. ಅಲ್ಲಿ ಗಳಿಸಿದ ಹೆಸರನ್ನು ಎರಡು ಪಟ್ಟು ಶಕ್ತಿಯ ಕಾರಿಗೆ ಸಾಲ ಕೊಡುವುದನ್ನು ಒಪ್ಪಲಾಗದು. ಕಾರ್ಬ್ಯುರೇಟರಿನ ಒತ್ತಡ, ಹೊರಡುವಾಗಿನ ಜಿ ಕೇಳುವ ಒತ್ತಡ, ಘರ್ಷಣೆ ಇವಿಷ್ಟನ್ನೂ ಕೂಡಿಸಿ, ಆ ಒತ್ತಡದಲ್ಲಿ, ಕಾರಿನ ನಿಜವಾದ ವೋಲ್ಟೇಜಿನಲ್ಲಿ, ಬೇಡಿಕೆಗಿಂತ ಕಾಲುಭಾಗ ಹೆಚ್ಚು ಕೊಡುವ ಪಂಪ್ ಬೇಕು. ಅದರ ಪೂರ್ತಿ ಹರಿವನ್ನು ಮರಳಿಸಬಲ್ಲ ಬೈಪಾಸ್ ರೆಗ್ಯುಲೇಟರ್ ಬೇಕು. ಟರ್ಬೊ ಇರುವ ಇಂಜೆಕ್ಷನ್ ಕಾರಿನಲ್ಲಿ ಅಂಕಿ ಬದಲಾಗುತ್ತದೆ, ತತ್ವ ಬದಲಾಗುವುದಿಲ್ಲ: 43.5 ಪಿಎಸ್‌ಐ ಮೂಲ ಒತ್ತಡಕ್ಕೆ 20 ಬೂಸ್ಟ್ ಕೂಡಿದರೆ ಪಂಪನ್ನು 63.5ರಲ್ಲಿ ಅಳೆಯಬೇಕು. ಒತ್ತಡಕ್ಕೆ ತಕ್ಕ ಹರಿವಿನ ನಕ್ಷೆ ಕೊಡದ ಪಂಪ್ ಎಷ್ಟೇ ಪ್ರಸಿದ್ಧವಾಗಿರಲಿ, ಅದನ್ನು ಕೊಳ್ಳುವುದು ಬೇಡ.