ಪ್ಲಾಟ್ ತಿದ್ದುಪಡಿ: ಷರತ್ತುಗಳ ಮೇಲೆ ನಿಂತ ಸ್ವಾತಂತ್ರ್ಯ

1898ರ ಏಪ್ರಿಲ್‌ನಲ್ಲಿ ಸ್ಪೇನ್ ವಿರುದ್ಧ ಯುದ್ಧಕ್ಕೆ ಹೊರಟ ಅಮೆರಿಕದ ಕಾಂಗ್ರೆಸ್, ಕ್ಯೂಬಾವನ್ನು ವಶಪಡಿಸಿಕೊಳ್ಳುವ ಉದ್ದೇಶ ತನಗಿಲ್ಲವೆಂದು ಟೆಲ್ಲರ್ ತಿದ್ದುಪಡಿಯ ಮೂಲಕ ಜಗತ್ತಿಗೆ ಮಾತು ಕೊಟ್ಟಿತ್ತು. ಮೂರು ವರ್ಷ ತುಂಬುವ ಮೊದಲೇ, 1901ರ ಮಾರ್ಚ್ 2ರಂದು, ಆ ಮಾತನ್ನು ಅಕ್ಷರದಲ್ಲಿ ಉಳಿಸಿಕೊಂಡು ಅರ್ಥದಲ್ಲಿ ಕೈಬಿಡುವ ಮತ್ತೊಂದು ತಿದ್ದುಪಡಿ ಕಾನೂನಾಯಿತು. ಸೆನೆಟರ್ ಆರ್ವಿಲ್ ಪ್ಲಾಟ್ ಹೆಸರು ಹೊತ್ತ, ಆದರೆ ಬಹುಪಾಲು ಯುದ್ಧ ಕಾರ್ಯದರ್ಶಿ ಎಲಿಹು ರೂಟ್ ರೂಪಿಸಿದ ಈ ದಸ್ತಾವೇಜು ಸ್ವತಂತ್ರ ಶಾಸನವಾಗಿ ಬರದೆ, ಸೇನೆಯ ಖರ್ಚಿಗೆ ಹಣ ಒದಗಿಸುವ ಮಸೂದೆಯ ಬಾಲಕ್ಕೆ ಅಂಟಿಕೊಂಡು ಬಂದದ್ದು ಗಮನಾರ್ಹ.

ಎಂಟು ವಿಧಿಗಳ ಈ ಪಠ್ಯದಲ್ಲಿ ಮೂರನೆಯದೇ ಕೇಂದ್ರ. ಕ್ಯೂಬಾದ ಸ್ವಾತಂತ್ರ್ಯವನ್ನು ಕಾಪಾಡಲು, ಜೀವ, ಆಸ್ತಿ ಮತ್ತು ವ್ಯಕ್ತಿಸ್ವಾತಂತ್ರ್ಯಗಳನ್ನು ರಕ್ಷಿಸಬಲ್ಲ ಸರ್ಕಾರ ಅಲ್ಲಿ ಉಳಿಯುವಂತೆ ನೋಡಿಕೊಳ್ಳಲು ಅಮೆರಿಕ ಮಧ್ಯಪ್ರವೇಶಿಸಬಹುದು ಎಂದು ಅದು ಹೇಳುತ್ತದೆ. ಸ್ವಾತಂತ್ರ್ಯಕ್ಕೆ ಅಪಾಯ ಬಂದಿದೆಯೆಂದು ತೀರ್ಮಾನಿಸುವವರು ಯಾರೆಂಬುದನ್ನು ಮಾತ್ರ ಎಲ್ಲಿಯೂ ಹೇಳುವುದಿಲ್ಲ. ಕರಡು ಬರೆಯುವ ಕಲೆಯ ದೃಷ್ಟಿಯಿಂದ ಇದು ಜಾಣತನವೇ, ಏಕೆಂದರೆ ಹೇಳದೆ ಬಿಟ್ಟ ಆ ಒಂದು ಅಂಶದಲ್ಲಿಯೇ ಅಧಿಕಾರವೆಲ್ಲ ಅಡಗಿದೆ. ನೈರ್ಮಲ್ಯ ಕುರಿತ ಐದನೆಯ ವಿಧಿ ಲೋಕಹಿತದಂತೆ ಕಂಡರೂ, ಹವಾನಾದ ಹಳದಿ ಜ್ವರ ಅಮೆರಿಕದ ದಕ್ಷಿಣದ ಬಂದರುಗಳಿಗೆ ತಲುಪದಿರಲೆಂಬ ಕಾಳಜಿಯನ್ನು ಅದೇನೂ ಮುಚ್ಚಿಡುವುದಿಲ್ಲ.

ಈ ಷರತ್ತುಗಳನ್ನು ಒಪ್ಪುವವರೆಗೆ ದ್ವೀಪದಲ್ಲಿದ್ದ ಅಮೆರಿಕದ ಸೈನ್ಯ ಹಿಂದೆ ಸರಿಯುವುದಿಲ್ಲವೆಂಬುದು ಸ್ಪಷ್ಟವಾಗಿದ್ದರಿಂದ, ಕ್ಯೂಬಾದ ಸಂವಿಧಾನ ಸಭೆ 1901ರ ಜೂನ್‌ನಲ್ಲಿ 16ಕ್ಕೆ 11 ಮತಗಳಿಂದ ಇವುಗಳನ್ನು ತನ್ನ ಸಂವಿಧಾನಕ್ಕೆ ಸೇರಿಸಿಕೊಂಡಿತು. ದ್ವೀಪದ ಸೇನಾ ಗವರ್ನರ್ ಆಗಿದ್ದ ಲಿಯೊನಾರ್ಡ್ ವುಡ್ ಅದೇ ವರ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಬರೆದ ಪತ್ರದಲ್ಲಿ, ಈ ತಿದ್ದುಪಡಿಯ ನಂತರ ಕ್ಯೂಬಾಕ್ಕೆ ಸ್ವಾತಂತ್ರ್ಯವೇನೂ ಹೆಚ್ಚು ಉಳಿದಿಲ್ಲವೆಂದು ಒಪ್ಪಿಕೊಂಡದ್ದು, ವಿರೋಧಿಗಳು ಮಾಡಿದ ಯಾವ ಟೀಕೆಗಿಂತಲೂ ತೂಕದ ಸಾಕ್ಷ್ಯ.

ತಿದ್ದುಪಡಿಯ ದೊಡ್ಡ ದೋಷ ಅದರ ಕಪಟವಲ್ಲ. ತಾನು ತರುವೆನೆಂದ ಸ್ಥಿರತೆಯನ್ನೇ ಅದು ಕೆಡಿಸಿತೆಂಬುದು. ಹೊರಗಿನ ಸೈನ್ಯ ಬರಬಹುದೆಂಬ ಅವಕಾಶ ಸಂವಿಧಾನದಲ್ಲಿಯೇ ಇದ್ದಾಗ, ಸೋತ ಪಕ್ಷಕ್ಕೆ ಮತಪೆಟ್ಟಿಗೆಗಿಂತ ದಂಗೆಯೇ ಲಾಭದ ದಾರಿಯಾಗಿ ಕಾಣುತ್ತದೆ. 1905ರ ಚುನಾವಣೆಯಲ್ಲಿ ಮೋಸವಾಯಿತೆಂದು ಲಿಬರಲ್ ಪಕ್ಷದವರು ಮರುವರ್ಷ ಬಂಡೆದ್ದಾಗ, ಅಧ್ಯಕ್ಷ ಎಸ್ಟ್ರಾಡಾ ಪಾಲ್ಮಾ ತಾವೇ ಅಮೆರಿಕದ ಸೈನ್ಯವನ್ನು ಕೇಳಿ, ಕೊನೆಗೆ ಎದುರಾಳಿಗಳೊಡನೆ ರಾಜಿಯಾಗುವ ಬದಲು ರಾಜೀನಾಮೆ ಕೊಟ್ಟರು. ಪರಿಣಾಮವಾಗಿ 1909ರವರೆಗೆ ದ್ವೀಪವನ್ನು ಅಮೆರಿಕನ್ನರೇ ಆಳಿದರು.

1934ರ ಒಪ್ಪಂದ ಈ ತಿದ್ದುಪಡಿಯನ್ನು ರದ್ದುಮಾಡಿತು. ಆದರೆ ನೌಕಾನೆಲೆಗೆ ನೆಲ ಕೊಡಬೇಕೆಂದ ಏಳನೆಯ ವಿಧಿಯಿಂದ ಹುಟ್ಟಿದ ಗ್ವಾಂಟಾನಮೊ ಗುತ್ತಿಗೆ, ಎರಡೂ ದೇಶಗಳು ಒಪ್ಪಿ ಮುಗಿಸುವವರೆಗೆ ಅಥವಾ ಅಮೆರಿಕ ತಾನಾಗಿ ನೆಲೆಯನ್ನು ಬಿಡುವವರೆಗೆ ನಡೆಯುವಂತೆ ಅದೇ ಒಪ್ಪಂದದಲ್ಲಿ ಉಳಿಯಿತು, ಇಂದಿಗೂ ಉಳಿದಿದೆ.