ಗೊತ್ತಿದ್ದೂ ಹೇಳದ ಮೇಷ್ಟ್ರು

ಶಿಕಾಗೋದ ಫೈನ್ ಆರ್ಟ್ಸ್ ಬಿಲ್ಡಿಂಗಿನಲ್ಲಿ ಆರ್ನಾಲ್ಡ್ ಜೇಕಬ್ಸ್ ಪಾಠ ಹೇಳುತ್ತಿದ್ದ ಕೋಣೆಯನ್ನು ನೋಡಿದರೆ ಅದು ಸಂಗೀತದ ಮೇಷ್ಟರದೋ ಡಾಕ್ಟರದೋ ಎಂಬ ಅನುಮಾನ ಬರುವಂತಿತ್ತು. ಉಸಿರಿನ ಪ್ರಮಾಣ ಅಳೆಯುವ, ಗಾಳಿಯ ಒತ್ತಡ ತೋರಿಸುವ ಸಲಕರಣೆಗಳು ಅಲ್ಲಿದ್ದವು. ಶ್ವಾಸಕೋಶ, ವಪೆ, ಮುಖದ ನರಗಳ ಬಗ್ಗೆ ವರ್ಷಗಟ್ಟಲೆ ಓದಿಕೊಂಡಿದ್ದ ಈ ಟ್ಯೂಬಾ ವಾದಕ, ವಾದ್ಯ ಎತ್ತಿಕೊಂಡ ವಿದ್ಯಾರ್ಥಿಗೆ ಹೇಳುತ್ತಿದ್ದದ್ದು ಮಾತ್ರ ತದ್ವಿರುದ್ಧ: ದೇಹವನ್ನು ಮರೆ, ಬೇಕಾದ ನಾದವನ್ನು ಮನಸ್ಸಿನಲ್ಲಿ ಹಾಡಿಕೋ, ಗಾಳಿ ಬಿಡು. ಇದೇ ‘ಸಾಂಗ್ ಅಂಡ್ ವಿಂಡ್’ ಎಂದು ಹೆಸರಾಯಿತು.

1915ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವರು ಜೇಕಬ್ಸ್. ತಾಯಿ ಪಿಯಾನೋ ನುಡಿಸುತ್ತಿದ್ದರು. ಬ್ಯೂಗಲ್, ಟ್ರಂಪೆಟ್, ಟ್ರಾಂಬೋನ್ ದಾಟಿ ಟ್ಯೂಬಾಕ್ಕೆ ಬಂದ ಹುಡುಗ ಹದಿನೈದಕ್ಕೇ ಕರ್ಟಿಸ್ ಸಂಸ್ಥೆ ಸೇರಿದ. ಇಂಡಿಯಾನಾಪೊಲಿಸ್, ಪಿಟ್ಸ್‌ಬರ್ಗ್ ಆದಮೇಲೆ 1944ರಿಂದ 1988ರವರೆಗೆ ಶಿಕಾಗೋ ಸಿಂಫನಿಯಲ್ಲಿ ನುಡಿಸಿದರು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಹಿತ್ತಾಳೆ ವಾದ್ಯಗಳಲ್ಲೆಲ್ಲ ಹೆಚ್ಚು ಗಾಳಿ ಬೇಡುವ ವಾದ್ಯವನ್ನು ಹಿಡಿದ ಈ ಮನುಷ್ಯನಿಗೆ ಆಸ್ತಮಾ ಇತ್ತು. ಹೀಗಾಗಿ ಉಸಿರಿನ ಶಾಸ್ತ್ರ ಅವರಿಗೆ ಬರೀ ಕುತೂಹಲದ ವಿಷಯವಾಗಿರಲಿಲ್ಲ.

ಅದೇ ವಾದ್ಯವೃಂದದಲ್ಲಿ ಹಾರ್ನ್ ನುಡಿಸುತ್ತಿದ್ದ ಫಿಲಿಪ್ ಫಾರ್ಕಸ್‌ರನ್ನು ಪಕ್ಕದಲ್ಲಿಟ್ಟು ನೋಡಬೇಕು. 1956ರ ಅವರ ಹಾರ್ನ್ ಪುಸ್ತಕ, 1962ರ ಹಿತ್ತಾಳೆ ವಾದನದ ಪುಸ್ತಕ, ಎರಡರಲ್ಲೂ ತುಟಿಯ ವಿವರಣೆಗೆ ದೊಡ್ಡ ಜಾಗ. ಹಾರ್ನಿನ ಮೌತ್‌ಪೀಸ್ ಮೇಲ್ದುಟಿಯ ಮೇಲೆ ಮೂರರಲ್ಲಿ ಎರಡು ಭಾಗ, ಕೆಳದುಟಿಯ ಮೇಲೆ ಒಂದು ಭಾಗ ಕೂರಬೇಕು ಎಂಬಷ್ಟು ಖಚಿತ. ಫಾರ್ಕಸ್ ಮುಖದಿಂದ ನಾದದ ಕಡೆಗೆ ನಡೆದರೆ, ಜೇಕಬ್ಸ್ ನಾದದಿಂದ ಮುಖದ ಕಡೆಗೆ. ನಾದ ಸ್ಪಷ್ಟವಿದ್ದರೆ ತುಟಿ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ವಾದಕನ ಬಳಿ ಎರಡು ವಾದ್ಯಗಳಿರುತ್ತವೆ, ಒಂದು ಕೈಯಲ್ಲಿ, ಇನ್ನೊಂದು ತಲೆಯೊಳಗೆ ಎನ್ನುತ್ತಿದ್ದರು. ಅದಕ್ಕೇ ಬರೀ ಮೌತ್‌ಪೀಸಿನಲ್ಲಿ ಗೊತ್ತಿರುವ ಹಾಡೊಂದನ್ನು ಊದಿಸುತ್ತಿದ್ದರು.

ಹಾಗಾದರೆ ಆ ಸಲಕರಣೆಗಳು ಯಾಕೆ? ಅವರ ಪಾಠದ ಅತಿ ಸೂಕ್ಷ್ಮ ಭಾಗ ಇರುವುದು ಇಲ್ಲೇ. ವಾದ್ಯ ಕೈಗೆ ಬಂದ ತಕ್ಷಣ ಹಳೆಯ ಅಭ್ಯಾಸಗಳೂ ಜೊತೆಗೇ ಬರುತ್ತವೆ. ಎದೆ ಬಿಗಿಯುವವನು ಮತ್ತೆ ಬಿಗಿಯುತ್ತಾನೆ. ಆದ್ದರಿಂದ ವಾದ್ಯವನ್ನು ಪಕ್ಕಕ್ಕಿಟ್ಟು, ಯಾವ ನೆನಪೂ ಅಂಟಿಕೊಳ್ಳದ ಒಂದು ಅಪರಿಚಿತ ವಸ್ತುವಿನಲ್ಲಿ ಉಸಿರಾಡಿಸಿ, ಹೊಸ ಅಭ್ಯಾಸ ಕೂತ ಮೇಲೆ ವಾದ್ಯಕ್ಕೆ ಮರಳಿಸುತ್ತಿದ್ದರು. ಹಳೆಯದನ್ನು ತಿದ್ದುವ ಗೋಜಿಗೇ ಹೋಗುತ್ತಿರಲಿಲ್ಲ. (ಸಿದ್ಧಾಂತಗಳನ್ನು ಹೊತ್ತುಕೊಂಡೇ ಕವಿತೆಯ ಮುಂದೆ ಕೂರುವ ನಮ್ಮಂಥ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಅಂಥದ್ದೊಂದು ವಸ್ತು ಸಿಕ್ಕಿದ್ದರೆ ಚೆನ್ನಾಗಿತ್ತು.)

ನನ್ನ ತಕರಾರು ಇರುವುದು ಈ ಪಾಠಕ್ಕೆ ಆಮೇಲೆ ಆದದ್ದರ ಬಗ್ಗೆ. ‘ಹಾಡು, ಗಾಳಿ’ ಎಂಬ ಎರಡು ಪದ ಹೇಳಲು ಯಾರಿಗೂ ಕಷ್ಟವಿಲ್ಲ. ಆದರೆ ಜೇಕಬ್ಸ್ ಬಾಯಿಂದ ಬಂದಾಗ ಅದು ರೋಗಿಯನ್ನು ಪೂರ್ತಿ ಪರೀಕ್ಷಿಸಿದ ವೈದ್ಯ ಕೊಟ್ಟ ಒಂದೇ ಒಂದು ಗುಳಿಗೆ. ಎದುರಿಗಿದ್ದವನ ಉಸಿರು ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಂಡುಕೊಂಡು, ಅದನ್ನು ಅವನಿಗೆ ಹೇಳದೆ ತಮ್ಮಲ್ಲೇ ಇಟ್ಟುಕೊಂಡು, ಅವನಿಗೆ ಬೇಕಾದಷ್ಟನ್ನು ಮಾತ್ರ ಕೊಡುತ್ತಿದ್ದರು. ಪರೀಕ್ಷೆ ಮಾಡಲು ಬಾರದವರು ಅದೇ ಗುಳಿಗೆ ಹಂಚಿದರೆ, ತುಟಿಗೆ ನಿಜವಾಗಿ ಪೆಟ್ಟಾಗಿರುವ ವಿದ್ಯಾರ್ಥಿ ತನ್ನ ಕಲ್ಪನೆಯೇ ಬಡವಾಗಿದೆ ಎಂದು ಕೊರಗುತ್ತಾ ಕೂರುತ್ತಾನೆ. ಜ್ಞಾನ ಬೇಡ ಎನ್ನುವುದಕ್ಕೂ, ಈ ಗಳಿಗೆಯಲ್ಲಿ ನಿನಗೆ ಅದು ಬೇಡ, ನನಗೆ ಬೇಕು ಎನ್ನುವುದಕ್ಕೂ ಇರುವ ಅಂತರ ಘೋಷವಾಕ್ಯದಲ್ಲಿ ಉಳಿಯುವುದಿಲ್ಲ.

1996ರಲ್ಲಿ ಬ್ರಯನ್ ಫ್ರೆಡರಿಕ್ಸನ್ ಈ ಪಾಠಗಳನ್ನು ‘ಸಾಂಗ್ ಅಂಡ್ ವಿಂಡ್’ ಹೆಸರಿನಲ್ಲೇ ಪುಸ್ತಕ ಮಾಡಿದರು. ಅದರಲ್ಲಿ ಉಸಿರಾಟದ ಅಂಗರಚನೆಗೂ ಸಾಕಷ್ಟು ಜಾಗವಿದೆ. ಊದಲು ಕಲಿಯುತ್ತಿರುವವನು ಆ ಪುಟಗಳನ್ನು ಹಾರಿಸಿದರೆ ಜೇಕಬ್ಸ್ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕಲಿಸಲು ಕುಳಿತವನು ಹಾರಿಸಿದರೆ ಬಹುಶಃ ಬಿಡುತ್ತಿರಲಿಲ್ಲ.