ಒಂದೇ ಮುಳ್ಳಿನ ಗಡಿಯಾರ

ಕಾಲವನ್ನು ಚೂರು ಮಾಡಿ ಹೇಳಿದ್ದೇ ನವ್ಯ ಕಾದಂಬರಿಯ ದೊಡ್ಡ ಸಾಧನೆ ಎಂದು ವಿಮರ್ಶಕರು ಹೇಳುತ್ತಲೇ ಬಂದಿದ್ದಾರೆ. ಮಾಡಲಿ, ಬೇಡ ಅನ್ನೋರು ನಾವಲ್ಲ. ಆದರೆ ಚೂರಾದದ್ದು ಯಾರ ಕಾಲ ಅಂತ ಕೇಳೋರೂ ಬೇಕಲ್ಲ. ಅಮೆರಿಕದ ವಿಲಿಯಂ ಫಾಕ್ನರ್ 1929ರಲ್ಲಿ ಪ್ರಕಟಿಸಿದ 'ದಿ ಸೌಂಡ್ ಅಂಡ್ ದಿ ಫ್ಯೂರಿ'ಯನ್ನು ಈ ಪ್ರಶ್ನೆ ಇಟ್ಟುಕೊಂಡೇ ಮತ್ತೆ ಓದಿದೆವು.

ಮಿಸಿಸಿಪಿಯ ಕಾಂಪ್ಸನ್ ಎಂಬ ಬಿಳಿಯ ಮನೆತನ ಹಾಳಾಗುವ ಕಥೆ. ನಾಲ್ಕು ಭಾಗ, ನಾಲ್ಕು ದಿನ. ಮೂರು 1928ರ ಏಪ್ರಿಲ್‌ನವು, ಒಂದು 1910ರ ಜೂನ್ 2. ಮೊದಲ ಭಾಗದ ಬೆಂಜಿಗೆ ಬುದ್ಧಿ ಬೆಳೆದಿಲ್ಲ. ನಿನ್ನೆ, ಇವತ್ತು ಎಂಬುದಿಲ್ಲ. ಬಟ್ಟೆ ಬೇಲಿಯ ಮೊಳೆಗೆ ಸಿಕ್ಕಿದರೆ ಸಾಕು, ಚಿಕ್ಕಂದಿನಲ್ಲಿ ಅಕ್ಕ ಕ್ಯಾಡಿ ಬಿಡಿಸಿದ ಗಳಿಗೆ ಬಂದು ನಿಲ್ಲುತ್ತದೆ. ಬೇಲಿಯಾಚೆ ಗಾಲ್ಫ್ ಆಡುವವರು ಚೀಲ ಹೊರುವ ಹುಡುಗನನ್ನು 'ಕ್ಯಾಡಿ' ಎಂದು ಕರೆದರೆ ಇವನು ಗೋಳಿಡುತ್ತಾನೆ. ಆ ಮೈದಾನ ಹಿಂದೆ ಇವರದೇ ಹುಲ್ಲುಗಾವಲು. ಅಣ್ಣ ಕ್ವೆಂಟಿನ್‌ನ ಹಾರ್ವರ್ಡ್ ಓದಿಗೆಂದು ಮಾರಿದ್ದು. ಹೋದ ನೆಲ, ಹೋದ ಅಕ್ಕ ಎರಡೂ ಒಂದು ಕೂಗಿನಲ್ಲಿವೆ. ಇದು ದೊಡ್ಡ ಬರಹವೇ ಬಿಡ್ರಿ.

ಹಾರ್ವರ್ಡ್‌ಗೆ ಹೋದ ಕ್ವೆಂಟಿನ್ ತಾತನ ಗಡಿಯಾರದ ಗಾಜು ಒಡೆದು ಮುಳ್ಳು ಕೀಳುತ್ತಾನೆ. ಟಿಕ್‌ಟಿಕ್ ನಿಲ್ಲುವುದಿಲ್ಲ. ಅಂದು ರಾತ್ರಿಯೇ ನದಿ ಪಾಲಾಗುತ್ತಾನೆ.

ಈಗ ಅದೇ ಮನೆಯ ಅಡುಗೆಕೋಣೆಗೆ ಬನ್ನಿ. ಅಲ್ಲಿಯ ಗೋಡೆ ಗಡಿಯಾರಕ್ಕೆ ಇರುವುದು ಒಂದೇ ಮುಳ್ಳು. ಅದು ಐದು ಹೊಡೆದರೆ ಕರಿಯ ಅಡುಗೆಯವಳು ಡಿಲ್ಸಿ ಎಂಟು ಗಂಟೆ ಅಂತಾಳೆ. ಮೇಲಿನಿಂದ ಒಡತಿ ಬಿಸಿನೀರಿನ ಚೀಲಕ್ಕೆ ಕೂಗುತ್ತಿದ್ದಾಳೆ, ಒಲೆ ಹತ್ತಿಲ್ಲ. ಗಡಿಯಾರ ಕೆಟ್ಟಿದೆ ಅಂತ ಕೂತರೆ ಆಗ್ತದಾ?

ಮೂವರು ಗಂಡುಮಕ್ಕಳಿಗೂ 'ನಾನು' ಎನ್ನಲು ಒಂದೊಂದು ಭಾಗ ಕೊಟ್ಟ ಫಾಕ್ನರ್ ಡಿಲ್ಸಿಯನ್ನು ಹೊರಗೇ ನಿಂತು ಬರೆದ. (ಕ್ಯಾಡಿಗೂ ಕೊಡಲಿಲ್ಲ, ಅದು ಬೇರೆಯೇ ಜಗಳ.) ಆ ಮನೆಯ ಆದಿ ಅಂತ್ಯ ಕಂಡವಳು ಅವಳು, ಲೇಖಕ ಅವಳನ್ನು ಗೌರವಿಸಿದ್ದಾನೆ ಎನ್ನುವವರಿದ್ದಾರೆ. ನಿಜ. ಗೌರವ ಬೇರೆ, ಬಾಯಿ ಬೇರೆ. ಅವಳ ತಲೆಯೊಳಗೆ ಯಾವ ನೆನಪು ಯಾವುದಕ್ಕೆ ಡಿಕ್ಕಿ ಹೊಡೆಯುತ್ತಿತ್ತೋ ನಮಗೆ ತಿಳಿಯದು.

ಟೋನಿ ಮಾರಿಸನ್ 1955ರಲ್ಲಿ ಕಾರ್ನೆಲ್‌ನಲ್ಲಿ ಎಂ.ಎ. ಪ್ರಬಂಧ ಬರೆದದ್ದು ಇದೇ ಫಾಕ್ನರ್ ಮತ್ತು ವರ್ಜೀನಿಯಾ ವುಲ್ಫ್ ಮೇಲೆ. ಪಾಠ ಕಲಿತಳು, ಒಪ್ಪಿಸಲಿಲ್ಲ. 1987ರ 'ಬಿಲವೆಡ್'ನಲ್ಲಿ ಚೂರಾದ ಕಾಲ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಸೇತೆಯದು. ಅವಳ ಕಾಲವನ್ನು ಒಡೆದದ್ದು ಚಾಟಿ. ಬೆನ್ನ ಮೇಲಿನ ಬಾಸುಂಡೆ ಕೊಂಬೆ ರೆಂಬೆ ಬಿಟ್ಟ ಮರವಾಗಿದೆ. ಹದಿನೆಂಟು ವರ್ಷ ಹೊತ್ತರೂ ಸೇತೆ ಅದನ್ನು ನೋಡಿಲ್ಲ. ಕಂಡವರು ಹೇಳಿದ್ದರಿಂದ ಮರ ಅಂತ ಗೊತ್ತು.